ಕರೆ ಎತ್ತಿದ ಮೇಲಿನ ಹತ್ತು ಸೆಕೆಂಡು

ರೈತರಿಗೆ ಫೋನಿನಲ್ಲಿ ಬೆಳೆ ಸಲಹೆ ತಲುಪಿಸುವ ವ್ಯವಸ್ಥೆ ಕಟ್ಟಲು ಕೂತರೆ ಮೊದಲು ಬರುವ ಪ್ರಶ್ನೆ ‘ಆ್ಯಪ್ ಯಾವಾಗ ರೆಡಿ ಆಗುತ್ತೆ?’ ಎನ್ನುವುದು. ನಾವು ಆ್ಯಪ್ ಮಾಡಲಿಲ್ಲ. ಗುಂಡಿ ಒತ್ತುವ ಸಾದಾ ಫೋನಿಗೆ ಕರೆ ಹೋಗಬೇಕು, ಎತ್ತಿದವರ ಕಿವಿಗೆ ಒಂದು ನಿಮಿಷದೊಳಗೆ ಒಂದೇ ಒಂದು ಕೆಲಸದ ಮಾತು ಬೀಳಬೇಕು, ಅವರಿಗೆ ಬಿಡಿಗಾಸೂ ಖರ್ಚಾಗಬಾರದು. ಇಟ್ಟುಕೊಂಡ ಗುರಿ ಇಷ್ಟೇ. ಯಂತ್ರದ ಭಾಗ, ಅಂದರೆ ಸರ್ವರ್, ಕರೆ ಮಾಡುವ ತಂತ್ರಾಂಶ, ಫೋನ್ ಕಂಪನಿಯ ಲೈನು, ಇವೆಲ್ಲ ಎರಡು ವಾರದಲ್ಲಿ ನಿಂತವು. ಒಂದಿಡೀ ಬೆಳೆ ಹಂಗಾಮು ತಿಂದದ್ದು ಬೇರೆ ಎರಡು ವಿಷಯ: ನಂಬರುಗಳ ಪಟ್ಟಿ, ಮತ್ತು ಕರೆ ಎತ್ತಿದ ಮೇಲಿನ ಹತ್ತು ಸೆಕೆಂಡು.

ಬಡ ದೇಶಗಳ ಹಳ್ಳಿಗಳಲ್ಲಿ ಸ್ಮಾರ್ಟ್‌ಫೋನ್ ಇಲ್ಲ ಅಂತಲ್ಲ. ಇದೆ, ಆದರೆ ಡೇಟಾ ಇರುವುದು ತಿಂಗಳಲ್ಲಿ ಕೆಲವು ದಿನ, ಮೆಮೊರಿ ಸದಾ ಭರ್ತಿ, ಫೋನು ಮಗನ ಕೈಯಲ್ಲಿ. ಕಳೆ ಕೀಳುವವರ ಹತ್ತಿರ ಇರುವುದು ಸಾದಾ ಫೋನು, ಕೆಲವೊಮ್ಮೆ ಅದೂ ಇಲ್ಲ. ಹಾಗಾಗಿ ಆಯ್ಕೆ ಉಳಿದದ್ದು ಮೂರರ ನಡುವೆ: ಎಸ್‌ಎಂಎಸ್, ಯುಎಸ್‌ಎಸ್‌ಡಿ, ಧ್ವನಿ ಕರೆ.

ಎಸ್‌ಎಂಎಸ್ ಅಗ್ಗ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಎಸ್‌ಎಂಎಸ್‌ನ ಹೊಟ್ಟೆ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾಗುವುದರಿಂದ 160 ಅಕ್ಷರ ಹಿಡಿಯುತ್ತದೆ. ಅಮ್ಹಾರಿಕ್, ಬಂಗಾಳಿ, ಬರ್ಮೀಸ್, ಕನ್ನಡದಂಥ ಲಿಪಿಗಳಿಗೆ ಒಂದೊಂದು ಸಂಕೇತಕ್ಕೂ 16 ಬಿಟ್ ಬೇಕು, 70ಕ್ಕೆ ಜಾಗ ಖಾಲಿ. ಆ 70 ಕೂಡ ನಾವು ಕಣ್ಣಿನಲ್ಲಿ ಎಣಿಸುವ ಅಕ್ಷರವಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ. ಫೋನಿಗೆ ಅದು ಸ, ಹಲಂತ, ತ, ಹಲಂತ, ರ, ಈಕಾರ, ಒಟ್ಟು ಆರು. ಒತ್ತಕ್ಷರ ಜಾಸ್ತಿ ಇರುವ ವಾಕ್ಯ ಅರ್ಧಕ್ಕೇ ಮುಗಿಯುತ್ತದೆ. ಉದ್ದ ಸಂದೇಶವನ್ನು ತುಂಡು ಮಾಡಿ ಕಳಿಸಬಹುದು, ಆದರೆ ತುಂಡು ಜೋಡಿಸುವ ಗುರುತಿಗೆ 6 ಬೈಟ್ ಹೋಗಿ ತುಂಡಿಗೆ 67 ಉಳಿಯುತ್ತದೆ, ಇಂಗ್ಲಿಷಿಗಾದರೆ 153. ಇನ್ನೊಂದು ಕಿತಾಪತಿ ಇದೆ. ವರ್ಡ್‌ನಿಂದ ಕಾಪಿ ಮಾಡಿದ ಇಂಗ್ಲಿಷ್ ಸಂದೇಶದಲ್ಲಿ ಬಾಗಿದ ಉದ್ಧರಣ ಚಿಹ್ನೆ ಒಂದೇ ಒಂದು ನುಸುಳಿದರೂ ಇಡೀ ಸಂದೇಶ 16 ಬಿಟ್‌ನ ಲೆಕ್ಕಕ್ಕೆ ಜಾರಿ, ಒಂದಾಗಬೇಕಿದ್ದ 160 ಅಕ್ಷರದ ಸಂದೇಶ ಮೂರಾಗಿ ಬಿಲ್ಲಾಗುತ್ತದೆ. ಇಷ್ಟೆಲ್ಲ ಮಾಡಿ ಕಳಿಸಿದ್ದನ್ನು ಓದಲು ಬರದವರು ಓದುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಯುಎಸ್‌ಎಸ್‌ಡಿ, ಅಂದರೆ ನಕ್ಷತ್ರದಿಂದ ಶುರುವಾಗಿ ಹ್ಯಾಶ್‌ನಲ್ಲಿ ಮುಗಿಯುವ ನಂಬರ್ ಒತ್ತಿದರೆ ತೆರೆಯ ಮೇಲೆ ಬರುವ ಮೆನು. ಇಂಟರ್ನೆಟ್ ಬೇಡ, ಯಾವ ಜಿಎಸ್‌ಎಂ ಫೋನಾದರೂ ನಡೆಯುತ್ತದೆ. ಒಂದು ತೆರೆಗೆ 182 ಅಕ್ಷರ, ಅದೂ ಇಂಗ್ಲಿಷಿನಲ್ಲಿ. ನಿಧಾನ ಮಾಡಿದರೆ ಸಂಪರ್ಕ ಕಡಿದುಹೋಗುತ್ತದೆ, ಓದಿದ್ದು ಫೋನಿನಲ್ಲಿ ಉಳಿಯುವುದಿಲ್ಲ. 2007ರ ಮಾರ್ಚ್‌ನಲ್ಲಿ ಕೀನ್ಯಾದಲ್ಲಿ ಶುರುವಾದ ಎಂ-ಪೆಸಾ ಸಿಮ್ ಕಾರ್ಡಿನೊಳಗಿನ ಇಂಥದ್ದೇ ಪುಟ್ಟ ಮೆನುವಿನಿಂದ ಹಣ ಕಳಿಸುವ ಕೆಲಸ ಮಾಡಿಸಿತು. ಅದನ್ನು ತೋರಿಸಿ ‘ಮೆನು ಸಾಕು’ ಅನ್ನುವವರಿದ್ದಾರೆ. ಆದರೆ ಹಣ ಕಳಿಸಲು ಹೊರಟವರಿಗೆ ತಮಗೇನು ಬೇಕೆಂದು ಗೊತ್ತಿರುತ್ತದೆ. ಮುಂದಿನ ವಾರ ಯಾವ ಹುಳು ಬೀಳಲಿದೆ ಎಂದು ಗೊತ್ತಿಲ್ಲದವರು ಮೆನುವಿನಲ್ಲಿ ಏನನ್ನು ಹುಡುಕಬೇಕು? ಸಲಹೆ ತಾನಾಗಿಯೇ ಹೋಗಿ ಬಾಗಿಲು ತಟ್ಟಬೇಕು. ಧ್ವನಿ ಕರೆಗೇ ನಿಂತೆವು.

ಯಾವ ಮಾತು ತಲುಪಿಸಬೇಕು ಎಂಬುದರಲ್ಲೂ ಒಂದು ಸುತ್ತು ವಾದವಾಯಿತು. ಪೇಟೆ ಬೆಲೆಯೇ, ಬೇಸಾಯದ ಸಲಹೆಯೇ? ಬೆಲೆಯ ಪರ ಇರುವವರು ಕೇರಳದ ಮೀನುಗಾರರನ್ನು ನೆನೆಯುತ್ತಾರೆ. ದೋಣಿಗೆ ಮೊಬೈಲ್ ಬಂದ ಮೇಲೆ ಕರಾವಳಿಯ ಮಾರುಕಟ್ಟೆಗಳ ನಡುವೆ ಬೆಲೆಯ ಅಂತರ ಕುಗ್ಗಿತು, ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ನಿಂತಿತು ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ತೋರಿಸಿದ್ದರು. ನೈಜರ್‌ನ ಸಜ್ಜೆ ಮಾರುಕಟ್ಟೆಗಳಲ್ಲೂ ಬೆಲೆಯ ಅಂತರ ಶೇ 10ರಿಂದ 16ರಷ್ಟು ಇಳಿದದ್ದನ್ನು ಅರ್ಥಶಾಸ್ತ್ರಜ್ಞೆ ಜೆನ್ನಿ ಏಕರ್ ದಾಖಲಿಸಿದ್ದಾರೆ. ಆದರೆ ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ರೈತರಿಗೆ ಎಸ್‌ಎಂಎಸ್‌ನಲ್ಲಿ ಬೆಲೆ ಕೊಟ್ಟು ನೋಡಿದಾಗ ಅವರಿಗೆ ಸಿಕ್ಕ ದರದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ದೋಣಿಯವನು ಬೆಲೆ ಕೇಳಿ ಚುಕ್ಕಾಣಿ ತಿರುಗಿಸಬಲ್ಲ; ಸಾಗಾಟಕ್ಕೆ ಗಾಡಿ ಇಲ್ಲದ, ವ್ಯಾಪಾರಿಯ ಹತ್ತಿರ ಮುಂಗಡ ತಿಂದಿರುವ ರೈತನಿಗೆ ದೂರದ ಪೇಟೆಯ ದರ ಬರೀ ಹೊಟ್ಟೆಯುರಿ. ಬೇಸಾಯದ ಸಲಹೆಯದ್ದೂ ಪವಾಡವೇನಲ್ಲ. ಆಫ್ರಿಕಾ ಮತ್ತು ಭಾರತದ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2019ರ ವಿಮರ್ಶೆಯೊಂದು ಇಳುವರಿ ಶೇ 4ರಷ್ಟು ಹೆಚ್ಚಿತೆಂದೂ, ಶಿಫಾರಸಾದ ಗೊಬ್ಬರದಂಥ ಒಳಸುರಿ ಬಳಸುವ ಸಂಭವ ಶೇ 22ರಷ್ಟು ಏರಿತೆಂದೂ ಹೇಳಿತು. ಸಣ್ಣ ಲಾಭ. ಕರೆಯ ಖರ್ಚು ಇನ್ನೂ ಸಣ್ಣದಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ಮುಂದಿನ ಪ್ರತಿ ತೀರ್ಮಾನದಲ್ಲೂ ಈ ಮಾತು ತಲೆಯಲ್ಲಿರಬೇಕು.

ಈಗ ಪಟ್ಟಿ.

ಸಹಕಾರ ಸಂಘ, ಬೀಜ ವಿತರಣೆ, ಹಳೆಯ ಯೋಜನೆ, ಎಲ್ಲ ಕಡೆಯಿಂದಲೂ ‘ರೆಡಿ ಪಟ್ಟಿ’ ಸಿಗುತ್ತದೆ. ತೆಗೆದುಕೊಳ್ಳಬಹುದು, ನಂಬಬಾರದು. ಮೊದಲ ಪೆಟ್ಟು ಎಕ್ಸೆಲ್‌ನಿಂದಲೇ. ನಂಬರನ್ನು ಅದು ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆಯನ್ನು ನುಂಗುತ್ತದೆ. ದೇಶದ ಕೋಡ್ ಸೇರಿ 12 ಅಂಕಿಯಾದರೆ, 2.547 ಗುಣಿಸು ಹತ್ತರ ಘಾತ 11 ಎನ್ನುವ ವೈಜ್ಞಾನಿಕ ರೂಪದಲ್ಲಿ ತೋರಿಸುತ್ತದೆ. ಯಾರೋ ಅದನ್ನು ಹಾಗೇ ಸಿಎಸ್‌ವಿ (ಬರೀ ಪಠ್ಯದ ಕಡತ) ಆಗಿ ಉಳಿಸಿದರೆ ಕೊನೆಯ ಅಂಕಿಗಳೆಲ್ಲ ಸೊನ್ನೆಯಾಗಿ ಹೋಗುತ್ತವೆ, ಮೂಲ ಕಡತ ಇಲ್ಲದಿದ್ದರೆ ಮತ್ತೆ ಹುಟ್ಟುವುದಿಲ್ಲ. ಸಾಲುಸಾಲು ನಂಬರು ಆರೆಂಟು ಸೊನ್ನೆಯಲ್ಲಿ ಮುಗಿಯುತ್ತಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ಕಾಲಮ್ಮನ್ನು ಮೊದಲೇ ಪಠ್ಯ ಎಂದು ಗುರುತಿಸಿ, ದೇಶದ ಕೋಡ್ ಸಮೇತ ಒಂದೇ ರೂಪದಲ್ಲಿ ಇಡುವುದು ಒಂದೇ ಮದ್ದು.

ಎರಡನೇ ತೊಂದರೆ ಸೂಕ್ಷ್ಮ. ಒಂದೇ ನಂಬರು ಮೂವತ್ತು ಹೆಸರಿನ ಮುಂದೆ ಇರುತ್ತದೆ. ಅದು ಗೊಬ್ಬರದ ಅಂಗಡಿಯವರದೋ, ಸಂಘದ ಕಾರ್ಯದರ್ಶಿಯದೋ, ಅರ್ಜಿ ತುಂಬಿಕೊಟ್ಟವರದೋ ಆಗಿರುತ್ತದೆ. ಅರ್ಜಿಯಲ್ಲಿ ಖಾನೆ ಖಾಲಿ ಬಿಡುವಂತಿಲ್ಲ ಎಂದರೆ ಜನ ತುಂಬಿಯೇ ತುಂಬುತ್ತಾರೆ. ಪಟ್ಟಿ ಕೈಗೆ ಬಂದ ದಿನವೇ ಒಂದು ನಂಬರು ಎಷ್ಟು ಸಲ ಬಂದಿದೆ ಎಂದು ಎಣಿಸಿ, ಮೂರಕ್ಕಿಂತ ಹೆಚ್ಚಿದ್ದರೆ ಪಕ್ಕಕ್ಕೆ ಎತ್ತಿಡಿ. ಎರಡು ಮೂರು ಸಲ ಬಂದರೆ ಸಹಜ, ಒಂದೇ ಮನೆಯವರಿರಬಹುದು.

ಕೊನೆಗೆ ಊರೂರಿಗೆ ಹೋಗಿ ಹೊಸದಾಗಿ ನೋಂದಾಯಿಸುವುದೇ ಸರಿ ಅನ್ನಿಸಿತು. ಅದಕ್ಕೆ ಬಳಸಿದ್ದು ಓಡಿಕೆ ಕಲೆಕ್ಟ್. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಅಗ್ಗದ ಆಂಡ್ರಾಯ್ಡ್‌ನಲ್ಲೂ ಓಡುತ್ತದೆ, ನೆಟ್‌ವರ್ಕ್ ಇಲ್ಲದ ಕಡೆ ಫಾರ್ಮ್ ತುಂಬಿ ಇಟ್ಟುಕೊಂಡು ಸಿಗ್ನಲ್ ಬಂದಾಗ ಕಳಿಸುತ್ತದೆ. ಪ್ರಶ್ನೆಪಟ್ಟಿಯನ್ನು ಎಕ್ಸೆಲ್ ಹಾಳೆಯಲ್ಲೇ ಬರೆಯಬಹುದು. ಪ್ರಶ್ನೆ ಒಂಬತ್ತು ಮೀರಕೂಡದು ಎಂದು ಹಟ ಹಿಡಿದೆವು: ಹೆಸರು, ನಂಬರು, ಅದೇ ನಂಬರು ಮತ್ತೊಮ್ಮೆ, ಫೋನು ಯಾರ ಬಳಿ ಇರುತ್ತದೆ, ಈ ಬೆಳೆಯ ಕೆಲಸ ಯಾರು ಮಾಡುತ್ತಾರೆ, ಮನೆಯಲ್ಲಿ ಆಡುವ ಭಾಷೆ, ಬೆಳೆ, ಊರು, ಕರೆಗೆ ಅನುಕೂಲವಾದ ಹೊತ್ತು. ಎರಡು ಸಲ ಹಾಕಿದ ನಂಬರು ಹೊಂದದಿದ್ದರೆ ಫಾರ್ಮ್ ಮುಂದೆ ಹೋಗದಂತೆ ಷರತ್ತು ಹಾಕಿ. ಜಿಪಿಎಸ್ ಬಿಂದು ಬೇಕೇ ಎಂದು ಎರಡು ಸಲ ಯೋಚಿಸಿ. 5 ಮೀಟರ್ ನಿಖರತೆ ಬರುವವರೆಗೆ ಮರದಡಿ ಕಾಯುವುದರಲ್ಲಿ ಅರ್ಧ ದಿನ ಹೋಗುತ್ತದೆ. ಮಳೆ ಮುನ್ಸೂಚನೆಗೆ ದಶಮಾಂಶದ ನಂತರ ಎರಡು ಅಂಕಿ, ಅಂದರೆ ಸುಮಾರು 1 ಕಿಲೋಮೀಟರ್, ಧಾರಾಳವಾಯಿತು. ಯಾರ ಮನೆ ಎಲ್ಲಿದೆ ಎಂಬ ನಕ್ಷೆ ನಮ್ಮ ಹತ್ತಿರ ಇರದಿರುವುದೇ ಒಳ್ಳೆಯದು.

ಆ ಒಂಬತ್ತರಲ್ಲಿ ನಿಜಕ್ಕೂ ಬೆಲೆಬಾಳುವವು ನಾಲ್ಕನೆಯದು ಮತ್ತು ಐದನೆಯದು. ಫೋನು ಗಂಡನ ಜೇಬಿನಲ್ಲಿ, ಕಳೆ, ಬಿತ್ತನೆ, ಕುಯಿಲು ಹೆಂಡತಿಯ ಕೈಯಲ್ಲಿ. ಇಂಥ ಮನೆಗೆ ಹೋದ ಕರೆ ದಾಖಲೆಯಲ್ಲಿ ‘ಪೂರ್ತಿ ಕೇಳಿದರು’ ಎಂದೇ ತೋರಿಸುತ್ತದೆ, ಮಾತು ಮಾತ್ರ ಹೊಲಕ್ಕೆ ತಲುಪಿರುವುದಿಲ್ಲ. ಇಬ್ಬರೂ ಮನೆಯಲ್ಲಿರುವ ಸಂಜೆಯ ಹೊತ್ತನ್ನೇ ಆರಿಸುವುದು, ‘ಸ್ಪೀಕರ್ ಹಾಕಿ’ ಎಂದು ಸಂದೇಶದಲ್ಲೇ ಹೇಳುವುದು, ಹೆಂಡತಿಗೆ ತಲುಪುವ ಇನ್ನೊಂದು ನಂಬರಿದ್ದರೆ ಅದನ್ನೂ ಬರೆದುಕೊಳ್ಳುವುದು, ಇಷ್ಟು ಮಾಡಬಹುದು. ಉಳಿದದ್ದು ತಂತ್ರಾಂಶದ ಕೈಯಲ್ಲಿಲ್ಲ.

ನೋಂದಣಿ ಮಾಡುವವರು ಅಲ್ಲಿಂದ ಕದಲುವ ಮೊದಲು ಸರ್ವರಿನಿಂದ ಪರೀಕ್ಷೆಯ ಕರೆ ಬರಬೇಕು. ರೈತರು ಎತ್ತಿ ಒಂದನ್ನು ಒತ್ತಿದರೆ ಮಾತ್ರ ನೋಂದಣಿ ಪಕ್ಕಾ. ಇದರಿಂದ ಮೂರು ಕೆಲಸ ಒಂದೇ ಏಟಿಗೆ: ನಂಬರು ಸರಿಯಿದೆಯೆಂದು ಗೊತ್ತಾಗುತ್ತದೆ, ಒಪ್ಪಿಗೆ ದಾಖಲಾಗುತ್ತದೆ, ಮಾತಾಡುತ್ತಿರುವುದು ಯಂತ್ರ ಎಂಬ ಅಭ್ಯಾಸವಾಗುತ್ತದೆ. ಅದೇ ಉಸಿರಿನಲ್ಲಿ ನಮ್ಮ ನಂಬರನ್ನು ಅವರ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಡಿ. ಗೊತ್ತಿಲ್ಲದ ನಂಬರಿನ ಕರೆಯನ್ನು ಸಾಲ ವಸೂಲಿಯವರದ್ದು ಎಂದುಕೊಂಡು ಎತ್ತದವರೇ ಹೆಚ್ಚು. ಕರೆ ಯಾವಾಗಲೂ ಒಂದೇ ನಂಬರಿನಿಂದ ಹೋಗುತ್ತದೆ ಎಂದು ಫೋನ್ ಕಂಪನಿಯ ಜತೆ ಲಿಖಿತದಲ್ಲಿ ಮಾಡಿಕೊಳ್ಳಿ. ಲೈನು ಬದಲಾದಾಗ ನಂಬರೂ ಬದಲಾದರೆ ಉಳಿಸಿಕೊಟ್ಟ ಹೆಸರಿಗೆ ಅರ್ಥವಿಲ್ಲ. ಸಾಮೂಹಿಕ ಕರೆಗೆ ಬೇಕಾದ ಅನುಮತಿ, ಶಾರ್ಟ್‌ಕೋಡ್ (ಕೆಲವೇ ಅಂಕಿಯ ಚಿಕ್ಕ ನಂಬರು) ಇವುಗಳ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಹಾಕಿ. ಅತಿ ನಿಧಾನಕ್ಕೆ ನಡೆಯುವ ಕಾಗದ ಅದು.

ಮುಂದಿನದು ದನಿ. ಕರೆಯ ಬಿಲ್ಲು ಹಲವು ಕಡೆ 60 ಸೆಕೆಂಡಿನ ಪಲ್ಸ್ ಮೇಲೆ ನಡೆಯುತ್ತದೆ. 62 ಸೆಕೆಂಡಿನ ಸಂದೇಶಕ್ಕೆ ಎರಡು ನಿಮಿಷದ ದುಡ್ಡು. ಆದ್ದರಿಂದ ಎಲ್ಲ ಸೇರಿ 55 ಸೆಕೆಂಡು ಎಂದು ಗೆರೆ ಎಳೆದೆವು. ಕನ್ನಡದಂಥ ಭಾಷೆಯಲ್ಲಿ ಅಷ್ಟು ಹೊತ್ತಿಗೆ ಸಮಾಧಾನವಾಗಿ ಹೇಳಬಹುದಾದದ್ದು ಸುಮಾರು 80 ಪದ. ಒಂದು ಸಂದೇಶಕ್ಕೆ ಒಂದೇ ಕೆಲಸ ಎಂಬ ನಿಯಮ ಅಲ್ಲಿಂದಲೇ ಬಂತು.

ನಮ್ಮ ಮೊದಲ ರೆಕಾರ್ಡಿಂಗ್ ಶುರುವಾಗುತ್ತಿದ್ದದ್ದು ನಮಸ್ಕಾರ, ಸಂಸ್ಥೆಯ ಹೆಸರು, ಯೋಜನೆಯ ಹೆಸರು, ಸಹಯೋಗ ಕೊಟ್ಟವರ ಹೆಸರಿನಿಂದ. ವಿಷಯ ಬರುವ ಹೊತ್ತಿಗೆ ಕೇಳುವವರು ಇರುತ್ತಿರಲಿಲ್ಲ. ಫೋನ್ ಎತ್ತಿದವರು ಎರಡು ಮೂರು ಸೆಕೆಂಡು ‘ಹಲೋ, ಹಲೋ, ಯಾರು?’ ಎನ್ನುತ್ತಲೇ ಇರುತ್ತಾರೆ. ಆಗ ಏನು ಹೇಳಿದರೂ ವ್ಯರ್ಥ. ಉತ್ತರ ಬರದಿದ್ದರೆ ಇಟ್ಟೇಬಿಡುತ್ತಾರೆ. ಆದ್ದರಿಂದ ಕ್ರಮ ಹೀಗಾಯಿತು: ಒಂದು ಸೆಕೆಂಡು ಮೌನ, ಎರಡು ಸೆಕೆಂಡಿನ ಗುರುತಿನ ದನಿ, ತಕ್ಷಣ ಕೆಲಸದ ಮಾತು, ಆಮೇಲೆ ಯಾರು ಮಾತಾಡುತ್ತಿದ್ದೇವೆ ಎಂಬುದು. ಮೆಕ್ಕೆಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳುವಿನ ಬಗ್ಗೆ ಮಾಡಿದ ಸಂದೇಶ ಹೀಗಿತ್ತು. 2016ರಲ್ಲಿ ಆಫ್ರಿಕಾದಲ್ಲಿ ಮೊದಲು ಕಾಣಿಸಿಕೊಂಡು ಎರಡು ವರ್ಷದಲ್ಲಿ ಭಾರತಕ್ಕೂ ಬಂದ ಹುಳು ಇದು.

‘ನಿಮ್ಮ ಮೆಕ್ಕೆಜೋಳದ ಸುಳಿಯಲ್ಲಿ ಹುಳು ಇದೆಯಾ, ನಾಳೆ ಬೆಳಗ್ಗೆ ನೋಡಿ. ಇದು ಬೆಳೆ ಮಾತು, ರೆಕಾರ್ಡ್ ಮಾಡಿದ ಸಂದೇಶ, ನಿಮಗೆ ಖರ್ಚಿಲ್ಲ. ಹೊಲದಲ್ಲಿ ಐದು ಕಡೆ ನಿಲ್ಲಿ. ಒಂದೊಂದು ಕಡೆ ಹತ್ತು ಗಿಡದ ಸುಳಿ ಬಿಡಿಸಿ. ಎಲೆ ಮೇಲೆ ಬೆಳಕು ತೂರುವ ಹಾಗೆ ಕೆರೆದ ಕಲೆ, ಸುಳಿಯಲ್ಲಿ ಮರ ಕೊಯ್ದ ಪುಡಿಯಂಥ ಹಿಕ್ಕೆ ಕಂಡರೆ ಹುಳು ಒಳಗಿದೆ. ಹುಳುವಿನ ತಲೆ ಮೇಲೆ ತಲೆಕೆಳಗಾದ ಕವೆಗೋಲಿನಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇರುತ್ತೆ. ಎಷ್ಟು ಗಿಡದಲ್ಲಿತ್ತು ಅಂತ ಎಣಿಸಿಟ್ಟುಕೊಳ್ಳಿ, ನಾಡಿದ್ದು ಮತ್ತೆ ಕೇಳ್ತೀವಿ. ಇನ್ನೊಮ್ಮೆ ಕೇಳಬೇಕಾದರೆ ಒಂದು ಒತ್ತಿ.’

ಪುಸ್ತಕಗಳಲ್ಲಿ ಇದರ ಗುರುತು ‘ತಲೆಕೆಳಗಾದ ವೈ ಅಕ್ಷರ’ ಎಂದಿರುತ್ತದೆ. ಇಂಗ್ಲಿಷ್ ಅಕ್ಷರ ಬಾರದವರಿಗೆ ಅದು ಗುರುತೇ ಅಲ್ಲ. ಕವೆಗೋಲು ಎಂದರೆ ಥಟ್ಟನೆ ಹೊಳೆಯುತ್ತದೆ. ಅಳತೆಯೂ ಹಾಗೆಯೇ. ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಫೋನಿನಲ್ಲಿ ಹೇಳುವುದು ಗಾಳಿಗೆ ಹೇಳಿದ ಹಾಗೆ. ಆಫ್ರಿಕಾದ ಸಹೇಲ್ ಪ್ರದೇಶದಲ್ಲಿ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯವರು ಗುಳಿಗೊಬ್ಬರದ ಪದ್ಧತಿಯನ್ನು ಕಲಿಸಿದ್ದು ತಂಪು ಪಾನೀಯದ ಬಾಟಲಿ ಮುಚ್ಚಳದಿಂದ: ಗುಳಿಗೆ ಒಂದು ಮುಚ್ಚಳ ಮಿಶ್ರ ಗೊಬ್ಬರ, ಅಂದರೆ ಸುಮಾರು 6 ಗ್ರಾಂ, ಡಿಎಪಿ ಆದರೆ ಮೂರು ಬೆರಳಿನ ಚಿಟಿಕೆ, 2 ಗ್ರಾಂ. ಕಿವಿಯಲ್ಲಿ ಕೇಳಿ ಕೈಯಲ್ಲಿ ಮಾಡಬಹುದಾದ ಅಳತೆ ಎಂದರೆ ಇದು.

ಫೋನ್ ಲೈನು ಹಾದುಹೋಗಲು ಬಿಡುವುದು ಸರಿಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ. ಸ, ಶ, ಫ ಇವುಗಳ ಬಲದ ದೊಡ್ಡ ಪಾಲು ಇರುವುದು ಅದಕ್ಕಿಂತ ಮೇಲೆ, ಹಾಗಾಗಿ ಒಂದರಂತೆ ಇನ್ನೊಂದು ಕೇಳುತ್ತದೆ. ಔಷಧಿಯ ಹೆಸರನ್ನು ಬಿಡಿಸಿ ಎರಡು ಸಲ ಹೇಳದಿದ್ದರೆ ಅಂಗಡಿಯಲ್ಲಿ ಬೇರೇನೋ ಸಿಗುತ್ತದೆ. ಸಂಖ್ಯೆಯದ್ದು ಇನ್ನೂ ಅಪಾಯ. ‘ಇಪ್ಪತ್ತು’ ಮತ್ತು ‘ಎಪ್ಪತ್ತು’ ಇವುಗಳ ನಡುವೆ ಇರುವುದು ಒಂದೇ ಸ್ವರದ ಅಂತರ; ಹೊಲದ ಗಾಳಿಯಲ್ಲಿ ಅದು ಅಳಿಸಿಹೋದರೆ ಮದ್ದು ಮೂರೂವರೆ ಪಟ್ಟಾಯಿತು. ಯಾವ ಭಾಷೆಯಾದರೂ ಇಂಥ ಜೋಡಿಗಳಿರುತ್ತವೆ. ಅವನ್ನು ಮೊದಲೇ ಪಟ್ಟಿ ಮಾಡಿ, ‘ಎರಡು ಹತ್ತು, ಇಪ್ಪತ್ತು’ ಎಂದು ಬಿಡಿಸಿ ಹೇಳಿಸಬೇಕು.

ರೆಕಾರ್ಡ್ ಮಾಡುವುದು ಒಳ್ಳೆಯ ಗುಣಮಟ್ಟದಲ್ಲೇ ಇರಲಿ, ಆಮೇಲೆ 8000 ಹರ್ಟ್ಸ್, 16 ಬಿಟ್, ಮೊನೊ ವೇವ್ ಕಡತಕ್ಕೆ ಇಳಿಸಿ. ಸೆಕೆಂಡಿಗೆ 16 ಕಿಲೋಬೈಟ್‌ನಂತೆ 55 ಸೆಕೆಂಡಿಗೆ 880 ಕಿಲೋಬೈಟ್ ಬರಬೇಕು. ಬಂದಿಲ್ಲವೆಂದರೆ ಎಲ್ಲೋ ಸ್ಟೀರಿಯೊ ಉಳಿದಿದೆ ಅಥವಾ ಹರ್ಟ್ಸ್ ತಪ್ಪಿದೆ. ಸ್ಟುಡಿಯೊ ಬೇಡ, ಗಾಜು ಏರಿಸಿದ ಕಾರಿನೊಳಗೆ ಕೂತು ಮಾಡಿದ ರೆಕಾರ್ಡಿಂಗ್ ಖಾಲಿ ಕೋಣೆಯದ್ದಕ್ಕಿಂತ ಚೆನ್ನಾಗಿರುತ್ತದೆ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಮೊಬೈಲಿನ ಕೋಡೆಕ್, ಅಂದರೆ ದನಿಯನ್ನು ಹಿಂಡಿ ಕಳಿಸುವ ತಂತ್ರ, ಮನುಷ್ಯರ ಗಂಟಲಿನ ಲೆಕ್ಕದಲ್ಲಿ ಕಟ್ಟಿದ್ದು, ವಾದ್ಯದ ದನಿ ಅದರಲ್ಲಿ ನೀರು ಗುಳುಗುಳು ಅಂದ ಹಾಗೆ ಕೇಳುತ್ತದೆ. ಗುರುತಿನ ದನಿಯೂ ಅದಕ್ಕೇ ಬಾಯಲ್ಲಿ ಹಾಕಿದ ಒಂದು ಕೂಗು. ಸಿದ್ಧವಾದ ಮೇಲೆ ಕಂಪ್ಯೂಟರಿನ ಹೆಡ್‌ಫೋನಿನಲ್ಲಿ ಕೇಳಿ ತೀರ್ಮಾನಿಸಬೇಡಿ. ಇರುವುದರಲ್ಲೇ ಅಗ್ಗದ ಫೋನಿಗೆ ಕರೆ ಹಾಕಿ, ಬಯಲಿನಲ್ಲಿ ನಿಂತು ಕೇಳಿ.

ಗುಂಡಿ ಒತ್ತಿಸುವ ವಿಷಯದಲ್ಲಿ ಕನ್ನಡಕ್ಕೆ ಒಂದು ಪುಣ್ಯ ಇದೆ. ಕೇಳುವವರಿಗೆ ಮೊದಲು ಬೇಕಾದದ್ದು ಏನು ಸಿಗುತ್ತದೆ ಎಂಬುದು, ಕೊನೆಗೆ ಯಾವ ಅಂಕಿ ಎಂಬುದು. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯ ತಾನಾಗಿಯೇ ಹಾಗಿರುತ್ತದೆ: ‘ಪ್ರಶ್ನೆ ಕೇಳಬೇಕಾದರೆ ಎರಡು ಒತ್ತಿ’. ಇಂಗ್ಲಿಷಿನಿಂದ ಅನುವಾದಿಸಿದ ‘ಎರಡನ್ನು ಒತ್ತಿ ಪ್ರಶ್ನೆ ಕೇಳಲು’ ಎಂಬುದನ್ನು ಕೇಳಿಸಿಕೊಳ್ಳುವಷ್ಟರಲ್ಲಿ ಅಂಕಿ ಮರೆತಿರುತ್ತದೆ. ಫೋನನ್ನು ಕಿವಿಯಿಂದ ಇಳಿಸಿ, ಗುಂಡಿ ಹುಡುಕಿ, ಒತ್ತಲು ಎಂಟು ಸೆಕೆಂಡಾದರೂ ಕಾಯಿರಿ. ಒತ್ತಿದರೂ ಸರ್ವರಿಗೆ ಗೊತ್ತಾಗದಿದ್ದರೆ ತಪ್ಪು ಸಾಮಾನ್ಯವಾಗಿ ಲೈನಿನಲ್ಲಿರುತ್ತದೆ. ಗುಂಡಿಯ ಸದ್ದು ಎರಡು ಸ್ವರಗಳ ಜೋಡಿ, ಜಿ.729ನಂಥ ಹಿಂಡುವ ಕೋಡೆಕ್‌ನಲ್ಲಿ ಅದು ಕೆಟ್ಟುಹೋಗುತ್ತದೆ. ಸದ್ದನ್ನು ದನಿಯೊಳಗೆ ಬಿಡದೆ ಪ್ರತ್ಯೇಕ ಸಂಕೇತವಾಗಿ ಕಳಿಸುವ ಆರ್‌ಎಫ್‌ಸಿ 4733 ವಿಧಾನವನ್ನು ಎರಡೂ ಕಡೆ ಆನ್ ಮಾಡಿಸಿದರೆ ಸರಿಹೋಗುತ್ತದೆ.

ಇನ್ನು ಕಳಿಸುವುದು. 30 ಚಾನೆಲ್‌ನ, ಅಂದರೆ ಒಮ್ಮೆಗೆ 30 ಕರೆ ಹೋಗುವ ಲೈನು, ರಿಂಗಾಗುವ ಹೊತ್ತೂ ಸೇರಿ ಒಂದು ಕರೆಗೆ ಸರಾಸರಿ ಒಂದು ನಿಮಿಷ ಎಂದರೆ ಗಂಟೆಗೆ 1800 ಕರೆ. 5000 ನಂಬರಿಗೆ 2 ಗಂಟೆ 47 ನಿಮಿಷ. ಸಂಜೆ 6ರಿಂದ 8ರ ನಡುವೆ ಮುಗಿಯುವುದಿಲ್ಲ, ಎರಡು ದಿನಕ್ಕೆ ಹಂಚಬೇಕು. ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಒಂದೊಂದು ದಿಕ್ಕಿಗೆ ಸುಮಾರು 87 ಕಿಲೋಬಿಟ್, ಅಂದರೆ 30 ಕರೆಗೆ 2.6 ಮೆಗಾಬಿಟ್ ಇಂಟರ್ನೆಟ್ ಬಿಡುವಿರಬೇಕು. ಇದು ಎಲ್ಲರೂ ಮಾಡುವ ಲೆಕ್ಕ. ಯಾರೂ ಮಾಡದ ಲೆಕ್ಕ ಟವರಿನದು. 2ಜಿಯ ಒಂದು ಕ್ಯಾರಿಯರ್‌ನಲ್ಲಿ, ಅಂದರೆ ಒಂದು ತರಂಗ ಪಟ್ಟಿಯಲ್ಲಿ, ಇರುವುದು 8 ಸಮಯದ ಸೀಳು, ಸೀಳಿಗೊಂದು ಕರೆ. ಅದರಲ್ಲಿ ಒಂದೆರಡು ನೆಟ್‌ವರ್ಕಿನ ಸ್ವಂತ ಸಂಕೇತಗಳಿಗೆ ಹೋದರೆ ಮಾತಿಗೆ ಉಳಿಯುವುದು ಆರೇಳು. ಪಟ್ಟಿ ಊರಿನ ಪ್ರಕಾರ ಜೋಡಿಸಿದ್ದರೆ 30 ಕರೆ ಒಟ್ಟಿಗೆ ಒಂದೇ ಟವರಿನ ಮೇಲೆ ಬೀಳುತ್ತವೆ, ಹೆಚ್ಚಿನವು ತಲುಪುವುದೇ ಇಲ್ಲ. ವರದಿ ನೋಡಿದವರು ‘ಆ ಊರಿನವರಿಗೆ ಆಸಕ್ತಿ ಇಲ್ಲ’ ಎಂದು ಬರೆದುಬಿಡುತ್ತಾರೆ. ಕರೆ ಹೊರಡುವ ಮೊದಲು ಪಟ್ಟಿಯನ್ನು ಇಸ್ಪೀಟಿನಂತೆ ಕಲೆಸಿ. ಒಂದೇ ಸಾಲಿನ ಕೋಡ್, ಗುಣ ಮಾತ್ರ ಎದ್ದು ಕಾಣುತ್ತದೆ.

ಮರುಪ್ರಯತ್ನಕ್ಕೂ ಕಾರಣ ನೋಡಬೇಕು. ಬಿಜಿ ಇದ್ದರೆ ಹತ್ತು ನಿಮಿಷಕ್ಕೆ, ಎತ್ತದಿದ್ದರೆ ಎರಡು ಗಂಟೆ ಬಿಟ್ಟು, ಸ್ವಿಚ್ ಆಫ್ ಇದ್ದರೆ ಮರುದಿನ ಬೇರೆ ಹೊತ್ತಿಗೆ. ಮೂರು ಸಲಕ್ಕೆ ನಿಲ್ಲಿಸಿ. ಕರೆಂಟಿಲ್ಲದ ಊರಲ್ಲಿ ಫೋನು ದಿನದ ಅರ್ಧ ಹೊತ್ತು ಚಾರ್ಜಿಂಗ್ ಅಂಗಡಿಯಲ್ಲಿ ಕೂತಿರುತ್ತದೆ ಎಂಬುದು ನೆನಪಿರಲಿ.

ರೈತರೇ ಕೇಳಬೇಕೆಂದಾಗ ಅವರು ಮಿಸ್ಡ್ ಕಾಲ್ ಕೊಡುತ್ತಾರೆ, ನಾವು ತಿರುಗಿ ಮಾಡುತ್ತೇವೆ. ಇಲ್ಲಿ ಆಗುವ ಎಡವಟ್ಟು: ಸರ್ವರು ಕರೆಯನ್ನು ಒಂದು ಸೆಕೆಂಡು ಎತ್ತಿ ಕತ್ತರಿಸುತ್ತದೆ, ರೈತರ ಖಾತೆಯಿಂದ ದುಡ್ಡು ಹೋಗುತ್ತದೆ, ಉಚಿತ ಎಂದವರ ಮಾತಿಗೆ ಬೆಲೆ ಹೋಗುತ್ತದೆ. ಎತ್ತುವ ಮೊದಲೇ ಬಿಜಿ ಸಂಕೇತ ಕೊಟ್ಟು ತಿರಸ್ಕರಿಸುವಂತೆ ಹೊಂದಿಸಿ, ಕಡಿಮೆ ಬ್ಯಾಲೆನ್ಸ್ ಇರುವ ಪ್ರತಿ ಕಂಪನಿಯ ಸಿಮ್‌ನಿಂದಲೂ ಪರೀಕ್ಷಿಸಿ. ತಿರುಗಿ ಮಾಡುವುದು 15 ಸೆಕೆಂಡು ತಡವಾಗಿರಲಿ, ತಕ್ಷಣ ಮಾಡಿದರೆ ಅವರ ಲೈನು ಇನ್ನೂ ಬಿಡುವಾಗಿರುವುದಿಲ್ಲ. ಐದು ಸಲ ಮಿಸ್ಡ್ ಕಾಲ್ ಬಂದರೂ ಹೋಗಬೇಕಾದದ್ದು ಒಂದೇ ಕರೆ. ಪ್ರಶ್ನೆ ರೆಕಾರ್ಡ್ ಮಾಡಿಸುವಾಗ ‘ನಿಮ್ಮ ಪ್ರಶ್ನೆ ಹೇಳಿ’ ಎಂದರೆ ‘ಗಿಡ ಒಣಗುತ್ತಿದೆ’ ಎಂದಷ್ಟೇ ಬರುತ್ತದೆ, ತಜ್ಞರಿಗೆ ಅದರಿಂದ ಏನೂ ತಿಳಿಯದು. ಯಾವ ಬೆಳೆ, ಬಿತ್ತಿ ಎಷ್ಟು ದಿನ, ಎಲೆಯ ಮೇಲೆ ಶುರುವಾಯಿತೋ ಬುಡದಲ್ಲೋ ಎಂದು ಮೂರು ತುಂಡಾಗಿ ಕೇಳಿಸಿ.

ಬಿತ್ತನೆಯ ದಿನ ಗೊತ್ತಿಲ್ಲದೆ ಮೇಲುಗೊಬ್ಬರದ ಸಲಹೆ ಕೊಡುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ನೋಂದಣಿ ಹೊತ್ತಿಗೆ ಅದು ರೈತರಿಗೇ ಗೊತ್ತಿರುವುದಿಲ್ಲ, ಮಳೆ ನೋಡಿ ಬಿತ್ತುತ್ತಾರೆ. ಮಳೆ ಶುರುವಾದ ಮೇಲೆ ವಾರಕ್ಕೊಮ್ಮೆ 20 ಸೆಕೆಂಡಿನ ಒಂದು ಕರೆ: ‘ಬಿತ್ತನೆ ಆಗಿದ್ದರೆ ಒಂದು ಒತ್ತಿ, ಇನ್ನೂ ಆಗಿಲ್ಲದಿದ್ದರೆ ಎರಡು ಒತ್ತಿ’. ಒಂದು ಒತ್ತಿದ ದಿನದಿಂದ ಅವರ ಗಡಿಯಾರ ಶುರು, ಮುಂದಿನ ಎಲ್ಲ ಸಂದೇಶವೂ ಆ ಎಣಿಕೆಯ ಮೇಲೆ. ಒಂದು ವಾರದ ತಪ್ಪು ಉಳಿಯುತ್ತದೆ, ಹಂಗಾಮಿನ ತಪ್ಪು ತಪ್ಪುತ್ತದೆ. ಹೀಗೆ ಮಾಡಿದರೆ ಪ್ರತಿ ಸಂದೇಶಕ್ಕೂ ಒಂದು ಕೊನೆಯ ದಿನ ಹಾಕಿಡಬೇಕು. ಮರುಪ್ರಯತ್ನದ ಸಾಲಿನಲ್ಲಿ ಸಿಕ್ಕಿಕೊಂಡ ಹುಳುವಿನ ಎಚ್ಚರಿಕೆ ಹತ್ತು ದಿನ ತಡವಾಗಿ ತಲುಪಿದರೆ ಮೌನವೇ ವಾಸಿ.

ವರದಿಯಲ್ಲಿ ‘ಎತ್ತಿದ ಕರೆ’ ಎಂಬ ಅಂಕಿಗೆ ಹಿಗ್ಗಬೇಡಿ. ‘ನೀವು ಕರೆ ಮಾಡಿದ ಚಂದಾದಾರರು’ ಎಂಬ ಘೋಷಣೆಯನ್ನೂ ವಾಯ್ಸ್‌ಮೇಲನ್ನೂ ಕೆಲವು ಲೈನುಗಳು ಎತ್ತಿದ ಕರೆ ಎಂದೇ ಲೆಕ್ಕ ಹಾಕುತ್ತವೆ. ಅವುಗಳಲ್ಲಿ ಬಹುಪಾಲು ಒಂದೇ ಅವಧಿಗೆ ಕಡಿಯುತ್ತವೆ. ಅವಧಿಗಳನ್ನು ಎಣಿಸಿದರೆ ಆ ಒಂದು ಅವಧಿಯ ಎಣಿಕೆ ಗೋಪುರದಂತೆ ಎದ್ದು ಕಾಣುತ್ತದೆ. ನಾವು ಬರೆದಿಡುತ್ತಿದ್ದದ್ದು ಮೂರು: ಹತ್ತು ಸೆಕೆಂಡು ದಾಟಿದವರು, ಕೆಲಸದ ಮಾತು ಮುಗಿಯುವವರೆಗೆ ಇದ್ದವರು, ಕೊನೆಯವರೆಗೆ ಇದ್ದವರು. ಹತ್ತರೊಳಗೆ ಬಿಟ್ಟುಹೋದರೆ ತಪ್ಪು ಆರಂಭದಲ್ಲಿ ಅಥವಾ ಪಟ್ಟಿಯಲ್ಲಿ. ನಡುವೆ ಬಿಟ್ಟರೆ ಮಾತಿನಲ್ಲಿ. ಒಂದೇ ಜಾಗದಲ್ಲಿ ತುಂಬ ಜನ ಬಿಟ್ಟರೆ ಆ ಜಾಗದ ವಾಕ್ಯವನ್ನು ಕೇಳಿ ನೋಡಿ. ಸಾಮಾನ್ಯವಾಗಿ ಅಲ್ಲಿ ಒಂದು ಪಾರಿಭಾಷಿಕ ಪದ ಕೂತಿರುತ್ತದೆ.

ಹಂಗಾಮು ಮುಗಿದ ಮೇಲೆ ಪಟ್ಟಿಯನ್ನು ಮತ್ತೆ ತೊಳೆಯಬೇಕು. ಬಳಸದೆ ಬಿಟ್ಟ ಸಿಮ್‌ನ ನಂಬರನ್ನು ಕಂಪನಿಗಳು ಬೇರೆಯವರಿಗೆ ಮಾರುತ್ತವೆ. ಎಲ್ಲೋ ನಗರದಲ್ಲಿ ಹೊಸ ಸಿಮ್ ಕೊಂಡವರ ಫೋನಿಗೆ ಸಂಜೆ ಏಳಕ್ಕೆ ಮೆಕ್ಕೆಜೋಳದ ಹುಳುವಿನ ಕರೆ ಹೋಗುತ್ತಿರುತ್ತದೆ. ಪ್ರತಿ ಸಂದೇಶದ ಕೊನೆಗೆ ‘ಈ ಕರೆ ಬೇಡವಾದರೆ ಒಂಬತ್ತು ಒತ್ತಿ’ ಎಂದಿರಬೇಕು, ಮತ್ತು ಅದು ಕೊನೆಗೆ ಮಾತ್ರ ಅಲ್ಲ, ಯಾವ ಸೆಕೆಂಡಿನಲ್ಲಿ ಒತ್ತಿದರೂ ಕೆಲಸ ಮಾಡಬೇಕು. ಕೊನೆಯವರೆಗೆ ಕಾಯುವವರು ಅದನ್ನು ಒತ್ತುವುದಿಲ್ಲ.